ಚಿಗಟ ಮನೆ ಬಿಡಲು ತಿಂಗಳುಗಳೇ ಏಕೆ ಬೇಕು

ಮನೆಯಲ್ಲಿ ಚಿಗಟ ಸೇರಿಕೊಂಡಿದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ. ಕೀಟನಾಶಕದ ಡಬ್ಬಿ ತಂದು ಮೂಲೆಮೂಲೆಗೂ ಸಿಂಪಡಿಸುತ್ತಾರೆ, ನಾಯಿಗೋ ಬೆಕ್ಕಿಗೋ ತಿಕ್ಕಿ ಸ್ನಾನ ಮಾಡಿಸುತ್ತಾರೆ, ಹಾಸಿಗೆ ಕೊಡವಿ ಬಿಸಿಲಿಗೆ ಹಾಕುತ್ತಾರೆ. ಎರಡು ಮೂರು ದಿನ ಕಾಟ ತಗ್ಗುತ್ತದೆ. ವಾರ ಕಳೆಯುವುದರೊಳಗೆ ಪಾದದ ಗಂಟಿನ ಸುತ್ತ ಮತ್ತೆ ಕೆಂಪು ಗಂಧೆ, ಮತ್ತೆ ರಾತ್ರಿಯೆಲ್ಲ ತುರಿಕೆ. ಔಷಧಿ ಕೆಲಸ ಮಾಡಲಿಲ್ಲ ಎಂದುಕೊಂಡು ಇನ್ನೂ ಕಟುವಾದದ್ದನ್ನು ತರುತ್ತಾರೆ. ಅದೂ ಹೀಗೆಯೇ ಆದಾಗ ಕೈಚೆಲ್ಲುತ್ತಾರೆ.

ಇಂಥ ಹೆಚ್ಚಿನ ಮನೆಗಳಲ್ಲಿ ಸೋತದ್ದು ಔಷಧಿಯಲ್ಲ. ಕಚ್ಚಿ, ಜಿಗಿದು, ಕಣ್ಣಿಗೆ ಬೀಳುವ ಚಿಗಟ ಆ ಮನೆಯಲ್ಲಿರುವ ಒಟ್ಟು ಚಿಗಟಗಳಲ್ಲಿ ತೀರಾ ಸಣ್ಣ ಪಾಲು. ಕೀಟತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಸ್ಥೂಲ ಲೆಕ್ಕ ಹೀಗಿದೆ: ನೂರರಲ್ಲಿ ಬೆಳೆದ ಚಿಗಟ 5, ಮೊಟ್ಟೆ 50, ಮರಿಹುಳು 35, ಗೂಡು ಕಟ್ಟಿಕೊಂಡ ಕೋಶ 10. ಮನೆಯಿಂದ ಮನೆಗೆ ಈ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ, ನಿಜ. ಆದರೆ ಮೊದಲ ದಿನದ ಸಿಂಪಡಣೆ ಕೊಂದದ್ದು ಮುಖ್ಯವಾಗಿ ಆ ಐದನ್ನು ಎಂಬುದು ಎಲ್ಲ ಮನೆಗೂ ಸಲ್ಲುವ ಮಾತು. ಉಳಿದ ತೊಂಬತ್ತೈದು ಒಂದೊಂದಾಗಿ ಬೆಳೆದು ಹೊರಬರುತ್ತವೆ. ಹಾಗಾಗಿ ಯಾವ ಔಷಧಿ ಎಂದು ಕೇಳುವ ಮೊದಲು ಯಾವ ಕ್ರಮದಲ್ಲಿ, ಎಷ್ಟು ದಿನ ಎಂದು ಕೇಳಬೇಕು.

ಅದು ಚಿಗಟವೇ ಹೌದೇ?

ಕಚ್ಚಿದ ಗುರುತೊಂದನ್ನೇ ನೋಡಿ ಇಂಥದೇ ಹುಳು ಎಂದು ಹೇಳುವುದು ವೈದ್ಯರಿಗೂ ಕಷ್ಟ. ಆದರೂ ಕೆಲವು ಸುಳಿವುಗಳಿವೆ. ಚಿಗಟ ನೆಲದಿಂದ ಜಿಗಿಯುವುದರಿಂದ ಅದರ ಕಡಿತ ಹೆಚ್ಚಾಗಿ ಮೊಣಕಾಲಿನ ಕೆಳಗೆ, ಎರಡು ಮೂರು ಒಟ್ಟೊಟ್ಟಿಗೆ ಕಾಣುತ್ತದೆ. ತಿಗಣೆ ಜಿಗಿಯುವುದಿಲ್ಲ, ನಡೆದು ಬರುತ್ತದೆ. ನಿದ್ದೆಯಲ್ಲಿ ತೆರೆದುಕೊಂಡಿರುವ ತೋಳು, ಕುತ್ತಿಗೆ, ಬೆನ್ನನ್ನು ಕಚ್ಚುತ್ತದೆ. ಉಣ್ಣೆಗೆ ಎಂಟು ಕಾಲು, ಅದು ಚರ್ಮಕ್ಕೆ ಕಚ್ಚಿಕೊಂಡು ದಿನಗಟ್ಟಲೆ ಅಲ್ಲೇ ಉಬ್ಬುತ್ತದೆ. ಚಿಗಟಕ್ಕೆ ಆರು ಕಾಲು, ರೆಕ್ಕೆಯಿಲ್ಲ, ಉದ್ದ 1ರಿಂದ 3 ಮಿಲಿಮೀಟರ್, ಬಣ್ಣ ಕೆಂಗಂದು. ಮೈ ಎರಡೂ ಪಕ್ಕಗಳಿಂದ ಅದುಮಿದಷ್ಟು ತೆಳ್ಳಗೆ. ಅದಕ್ಕೇ ದಟ್ಟ ಕೂದಲ ನಡುವೆ ಸಲೀಸಾಗಿ ನುಸುಳುತ್ತದೆ. ಮೈಮೇಲಿನ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಪ್ರಾಣಿ ಎಷ್ಟು ಕೆರೆದುಕೊಂಡರೂ ಸುಲಭಕ್ಕೆ ಉದುರುವುದಿಲ್ಲ. ಬೆರಳುಗಳ ನಡುವೆ ಹಿಸುಕಿದರೆ ಸಾಯುವುದೂ ಇಲ್ಲ. ಹಿಡಿದದ್ದನ್ನು ಸೋಪು ಕಲಸಿದ ನೀರಿಗೆ ಹಾಕುವುದೇ ಸರಿ.

ಖಚಿತ ಮಾಡಿಕೊಳ್ಳಲು ಮೂರು ಸರಳ ಪರೀಕ್ಷೆಗಳಿವೆ. ಒಂದು, ಹೇನು ತೆಗೆಯುವಂಥ ಒತ್ತು ಹಲ್ಲಿನ ಬಾಚಣಿಗೆಯಿಂದ ಪ್ರಾಣಿಯ ಬಾಲದ ಬುಡ, ಸೊಂಟ, ಕುತ್ತಿಗೆಯನ್ನು ಬಾಚಿ, ಬಂದದ್ದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ. ಕರಿ ಚುಕ್ಕೆಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಪ್ರಾಣಿಯ ಮೈಯಿಂದ ಹೀರಿದ ರಕ್ತವೇ. ಬರೀ ಮಣ್ಣಾದರೆ ಬಣ್ಣ ಬಿಡದು. ಎರಡು, ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಹಾಕಿಕೊಂಡು ಕೋಣೆಯಲ್ಲಿ ನಿಧಾನವಾಗಿ ಓಡಾಡಿ. ಜಿಗಿದು ಬಂದವು ಬಿಳಿ ಬಟ್ಟೆಯ ಮೇಲೆ ಎದ್ದು ಕಾಣುತ್ತವೆ. ಮೂರು, ರಾತ್ರಿ ನೆಲದ ಮೇಲೆ ಸೋಪು ನೀರಿನ ಅಗಲ ತಟ್ಟೆ ಇಟ್ಟು ಅದರ ಮೇಲೊಂದು ಸಣ್ಣ ದೀಪ ಬೆಳಗಲು ಬಿಡಿ. ಬೆಳಕು, ಬಿಸಿಗೆ ಬಂದ ಚಿಗಟ ನೀರಿಗೆ ಬೀಳುತ್ತದೆ. ಈ ತಟ್ಟೆಯಿಂದ ಮನೆ ಶುದ್ಧವಾಗುವುದಿಲ್ಲ. ಯಾವ ಕೋಣೆಯಲ್ಲಿ ಎಷ್ಟಿವೆ ಎಂಬ ಅಂದಾಜು ಮಾತ್ರ ಸಿಗುತ್ತದೆ, ಮುಂದಿನ ವಾರಗಳಲ್ಲಿ ಆ ಅಂದಾಜು ಬಹಳ ಉಪಯೋಗಕ್ಕೆ ಬರುತ್ತದೆ.

ಬೆಕ್ಕಿನ ಮೈಮೇಲೆ ಚಿಗಟ ಕಾಣದಿದ್ದರೆ ಇಲ್ಲವೆಂದು ತೀರ್ಮಾನಿಸಬೇಡಿ. ಬೆಕ್ಕು ಮೈ ನೆಕ್ಕುತ್ತ ಚಿಗಟಗಳನ್ನು ನುಂಗಿಬಿಡುತ್ತದೆ. ಬೆಕ್ಕಿನ ಚಿಗಟ ಎಂದು ಕರೆಸಿಕೊಳ್ಳುವ ಟೆನೊಸೆಫಲೈಡಿಸ್ ಫೆಲಿಸ್ ನಾಯಿಗಳ ಮೈಮೇಲೂ ಧಾರಾಳವಾಗಿ ಇರುತ್ತದೆ. ಜಗತ್ತಿನ ಬಹುಭಾಗದಲ್ಲಿ ಮನೆಗೆ ಬರುವ ಚಿಗಟ ಇದೇ.

ಮೊಟ್ಟೆಯಿಂದ ಗೂಡಿನವರೆಗೆ

ಬೆಳೆದ ಚಿಗಟ ಪ್ರಾಣಿಯ ಮೈ ಏರಿದ ಕೆಲವೇ ನಿಮಿಷಗಳಲ್ಲಿ ರಕ್ತ ಹೀರತೊಡಗುತ್ತದೆ. ಒಂದೆರಡು ದಿನದೊಳಗೆ ಹೆಣ್ಣು ಮೊಟ್ಟೆಯಿಡಲು ಶುರುಮಾಡುತ್ತದೆ, ಭರದಲ್ಲಿದ್ದಾಗ ದಿನಕ್ಕೆ 40ರಿಂದ 50 ಮೊಟ್ಟೆ. ಹೇನಿನ ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ. ಚಿಗಟದ ಮೊಟ್ಟೆ ಹಾಗಲ್ಲ. ಅರ್ಧ ಮಿಲಿಮೀಟರಿನ, ನುಣುಪಾದ ಈ ಬಿಳಿ ಮೊಟ್ಟೆ ಪ್ರಾಣಿ ಹೋದಲ್ಲೆಲ್ಲ ಉದುರುತ್ತದೆ. ಅದು ಮಲಗುವ ಜಾಗದಲ್ಲಿ, ಜಿಗಿದು ಇಳಿಯುವ ಜಾಗದಲ್ಲಿ, ಕೂತು ಕೆರೆದುಕೊಳ್ಳುವ ಜಾಗದಲ್ಲಿ ಹೆಚ್ಚು. ಮೊಟ್ಟೆಯ ಜೊತೆಗೇ ಹಿಕ್ಕೆಯೂ ಉದುರುತ್ತದೆ. ಹುಟ್ಟಲಿರುವ ಮರಿಗೆ ಆ ಹಿಕ್ಕೆಯೇ ಊಟ ಎಂಬುದು ಈ ಕೀಟದ ಬಾಳಿನಲ್ಲಿ ನನಗೆ ಅತ್ಯಂತ ಅಚ್ಚರಿಯೆನಿಸುವ ಏರ್ಪಾಡು. ತಾಯಿ ತನಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ರಕ್ತ ಹೀರಿ, ಅರ್ಧಂಬರ್ಧ ಜೀರ್ಣವಾದದ್ದನ್ನು ಹೊರಹಾಕುತ್ತದೆ. ಮರಿಹುಳು ರಕ್ತ ಹೀರಲಾರದು, ಈ ಒಣಗಿದ ರಕ್ತದ ಕಣಗಳನ್ನು ತಿಂದೇ ಬೆಳೆಯುತ್ತದೆ.

ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಮರಿಹುಳು ಮನೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಹಿಕ್ಕೆ ಬೀಳುವಲ್ಲಿ ಮಾತ್ರ ಅದು ಬದುಕಬಲ್ಲದು. ಪ್ರಾಣಿ ಕಾಲಿಡದ ಕೋಣೆಗೆ ಲೀಟರುಗಟ್ಟಲೆ ಔಷಧಿ ಸುರಿದು, ಅದು ದಿನಕ್ಕೆ ಹತ್ತು ಗಂಟೆ ಮಲಗುವ ಸೋಫಾದ ಕೆಳಗೆ ಒಮ್ಮೆಯೂ ಬಗ್ಗಿ ನೋಡದಿದ್ದರೆ ಫಲವಿಲ್ಲ.

ಮೊಟ್ಟೆ ಒಡೆಯಲು ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಬೇಕು. ಹೊರಬರುವ ಮರಿ ಕಾಲಿಲ್ಲದ, ಬಿಳಿಚಿದ, ಕೂದಲೆಳೆಯಷ್ಟು ಸಣ್ಣ ಹುಳು. ಅದಕ್ಕೆ ಬೆಳಕು ಆಗದು. ಕಾರ್ಪೆಟ್ಟಿನ ಬುಡಕ್ಕೆ, ಚಾಪೆಯಡಿಗೆ, ಹಲಗೆಗಳ ಸಂದಿಗೆ ಇಳಿಯುತ್ತದೆ. ಒಣಹವೆಯೂ ಆಗದು; ಗಾಳಿಯ ತೇವಾಂಶ 50 ಪ್ರತಿಶತಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಬಿಸಿಲು ಬೀಳುವ ಬಯಲಿನಲ್ಲಿ ಚಿಗಟ ಬೆಳೆಯದೆ, ನೆರಳು ತಂಪಿನ ಮೂಲೆಯಲ್ಲಿ ಬೆಳೆಯುವುದು ಇದೇ ಕಾರಣಕ್ಕೆ. ಅನುಕೂಲದ ಹವೆಯಲ್ಲಿ ಒಂದೆರಡು ವಾರದಲ್ಲಿ ಮೂರು ಹಂತ ಬೆಳೆದು, ಕೊನೆಗೆ ರೇಷ್ಮೆಯಂಥ ಅಂಟಿನ ನೂಲಿನಿಂದ ಗೂಡು ಹೆಣೆದು ಒಳಸೇರುತ್ತದೆ. ಸುತ್ತಲಿನ ದೂಳು, ಮರಳು, ಬಟ್ಟೆಯ ನಾರು ಗೂಡಿಗೆ ಮೆತ್ತಿಕೊಳ್ಳುವುದರಿಂದ ಹುಡುಕಿದರೂ ಕಾಣಸಿಗುವುದಿಲ್ಲ.

ಗೂಡಿನೊಳಗೆ ಒಂದೆರಡು ವಾರದಲ್ಲಿ ಚಿಗಟ ಪೂರ್ತಿ ಬೆಳೆದು ಸಿದ್ಧವಾಗುತ್ತದೆ. ಆದರೆ ತಕ್ಷಣ ಹೊರಬರಬೇಕೆಂದಿಲ್ಲ. ಬಿತ್ತಿದ ಬೀಜ ಮಳೆಗೆ ಕಾದಂತೆ ಅದು ಸೂಚನೆಗೆ ಕಾಯುತ್ತದೆ: ನೆಲದ ಕಂಪನ, ಮೇಲಿನಿಂದ ಬೀಳುವ ಒತ್ತಡ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್. ಇವೆಲ್ಲ ರಕ್ತವಿರುವ ಪ್ರಾಣಿಯೊಂದು ಹತ್ತಿರದಲ್ಲಿದೆ ಎನ್ನುವ ಗುರುತುಗಳು. ಸೂಚನೆ ಸಿಕ್ಕರೆ ಕ್ಷಣಗಳಲ್ಲಿ ಹೊರಬಂದು ಜಿಗಿಯುತ್ತದೆ. ಸಿಗದಿದ್ದರೆ ತಿಂಗಳುಗಟ್ಟಲೆ, ತಂಪು ಜಾಗದಲ್ಲಿ ನಾಲ್ಕೈದು ತಿಂಗಳವರೆಗೂ, ಒಳಗೇ ಇರಬಲ್ಲದು. ಮನೆಯಲ್ಲಿ ಬಳಸುವ ಯಾವ ಕೀಟನಾಶಕವೂ ಈ ಗೂಡನ್ನು ನಂಬಿಕೆಯಿಂದ ಭೇದಿಸುವುದಿಲ್ಲ. ಚಿಗಟ ನಿವಾರಣೆಯ ಕಷ್ಟವೆಲ್ಲ ಈ ಒಂದು ಅವಸ್ಥೆಯಲ್ಲಿದೆ.

ಶುರು ಮಾಡಬೇಕಾದ್ದು ಪ್ರಾಣಿಯಿಂದ

ಬೆಳೆದ ಚಿಗಟ ಒಮ್ಮೆ ಬೆಕ್ಕು ನಾಯಿಯ ಮೈ ಸೇರಿತೆಂದರೆ ಸಾಮಾನ್ಯವಾಗಿ ಸಾಯುವವರೆಗೂ ಅಲ್ಲೇ ಇರುತ್ತದೆ. ಅಂದಮೇಲೆ ಮನೆಯೊಳಗಿನ ಮೊಟ್ಟೆಗಳೆಲ್ಲ ಬರುವುದು ಆ ಒಂದು ಮೂಲದಿಂದ. ಅದನ್ನು ಮುಚ್ಚದೆ ನೆಲ ಎಷ್ಟು ತೊಳೆದರೂ ನಾಳೆ ಮತ್ತೆ ಅಷ್ಟೇ ಮೊಟ್ಟೆ ಉದುರುತ್ತವೆ.

ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ದಿನ ಔಷಧಿ ಆಗಬೇಕು. ಕೆರೆದುಕೊಳ್ಳದ್ದಕ್ಕೂ, ಹೊರಗೇ ಹೋಗದ್ದಕ್ಕೂ. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ನಾಯಿ ಎರಡೇ ಕಡಿತಕ್ಕೆ ಸೊಂಟದ ಕೂದಲೆಲ್ಲ ಕಿತ್ತುಕೊಳ್ಳುತ್ತದೆ, ಅಲರ್ಜಿಯಿಲ್ಲದ್ದು ಮೈತುಂಬ ಹೊತ್ತರೂ ಸುಮ್ಮನಿರುತ್ತದೆ. ಹಾಗಾಗಿ ಕೆರೆತವನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಪಶುವೈದ್ಯರು ಸೂಚಿಸುವ ಔಷಧಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೆಗಲ ನಡುವಿನ ಚರ್ಮಕ್ಕೆ ಹನಿ ಬಿಡುವಂಥವು: ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಸೆಲಮೆಕ್ಟಿನ್ ಮುಂತಾದವು. ನುಂಗಿಸುವ ಮಾತ್ರೆಗಳು: ಫ್ಲುರಲೇನರ್, ಅಫಾಕ್ಸೊಲೇನರ್, ಸಾರೊಲೇನರ್ ಮುಂತಾದವು. ಮಾತ್ರೆಯ ಔಷಧಿ ರಕ್ತದಲ್ಲಿರುತ್ತದೆ, ಆದ್ದರಿಂದ ಚಿಗಟ ಕಚ್ಚಿದ ಮೇಲೆಯೇ ಸಾಯುವುದು. ಔಷಧಿ ಕೊಟ್ಟ ಪ್ರಾಣಿಯ ಮೈಮೇಲೆ ಮತ್ತೆ ಒಂದೆರಡು ಚಿಗಟ ಕಂಡರೆ ಗಾಬರಿ ಬೇಡ. ಅವು ನೆಲದಿಂದ ಹೊಸದಾಗಿ ಏರಿದವು. ಮೊಟ್ಟೆಯಿಡುವ ಮೊದಲೇ ಸಾಯುತ್ತವೆಯೇ ಎಂಬುದು ಮುಖ್ಯ, ಒಳ್ಳೆಯ ಔಷಧಿ ಮಾಡುವುದು ಅದನ್ನೇ. ಈ ಮಾತ್ರೆಗಳ ವರ್ಗದಿಂದ ಕೆಲವು ಪ್ರಾಣಿಗಳಿಗೆ ನಡುಕ, ಫಿಟ್ಸ್ ಬರುವ ಸಾಧ್ಯತೆಯ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಸಿದೆ. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಈಗ ಹೇಳುವುದನ್ನು ಬೆಕ್ಕು ಸಾಕಿದವರು ದಯವಿಟ್ಟು ಎರಡು ಸಲ ಓದಿ. ನಾಯಿಗೆಂದು ಮಾಡಿದ ಅನೇಕ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನಾಯಿಯ ಹನಿಯನ್ನು ಬೆಕ್ಕಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಸ್ನಾಯು ಸೆಳೆತ, ಫಿಟ್ಸ್ ಶುರುವಾಗಿ ಜೀವವೇ ಹೋಗಬಹುದು. ಆಗಷ್ಟೇ ಆ ಔಷಧಿ ಹಚ್ಚಿದ ನಾಯಿಯ ಮೈಗೆ ಒರಗಿ ಮಲಗಿದರೂ, ಅದರ ಮೈ ನೆಕ್ಕಿದರೂ ಅಪಾಯವಿದೆ. ಲಕ್ಷಣ ಕಂಡರೆ ನಾಳೆಯವರೆಗೆ ಕಾಯಬೇಡಿ, ಆ ಕ್ಷಣವೇ ಪಶುವೈದ್ಯರ ಬಳಿ ಒಯ್ಯಿರಿ, ಔಷಧಿಯ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಹಾಗೆಯೇ ಮೊಲಗಳಿಗೆ ಫಿಪ್ರೊನಿಲ್ ಸಲ್ಲದು. ದೊಡ್ಡ ನಾಯಿಯ ಹನಿಯನ್ನು ಅಂದಾಜಿನ ಮೇಲೆ ಭಾಗ ಮಾಡಿ ಸಣ್ಣ ನಾಯಿಗೆ ಹಾಕುವುದೂ ಸಲ್ಲದು. ತೂಕ, ವಯಸ್ಸಿಗೆ ತಕ್ಕ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಔಷಧಿ ಹಾಕುವ ವಯಸ್ಸಾಗದ ಎಳೆಯ ಮರಿಗಳಿಗೆ ಬಾಚಣಿಗೆಯೇ ಗತಿ. ದಿನಕ್ಕೆರಡು ಸಲ ಬಾಚಿ ಸಿಕ್ಕಿದ್ದನ್ನು ಸೋಪು ನೀರಿನಲ್ಲಿ ಮುಳುಗಿಸಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈತುಂಬ ಚಿಗಟ ಹತ್ತಿದ ಮರಿ ರಕ್ತಹೀನತೆಯಿಂದ ಸಾಯುವುದುಂಟು. ಒಸಡು ಬಿಳಿಚಿಕೊಂಡಿದ್ದರೆ ಅದು ತುರ್ತು ಸ್ಥಿತಿ.

ಸ್ನಾನದಿಂದ ಆ ಹೊತ್ತಿಗೆ ಮೈಮೇಲಿದ್ದ ಚಿಗಟಗಳಲ್ಲಿ ಬಹಳಷ್ಟು ಹೋಗುತ್ತವೆ. ಮೈ ಒಣಗಿದ ಮೇಲೆ ಹೊಸದು ಏರುವುದಕ್ಕೆ ಅದರಿಂದ ಏನೂ ತಡೆಯಿಲ್ಲ. ಮೇಲಾಗಿ ಹನಿ ಔಷಧಿಯ ಹಿಂದುಮುಂದಿನ ಒಂದೆರಡು ದಿನ ಶಾಂಪೂ ಹಾಕಿ ತೊಳೆದರೆ ಹಲವು ಔಷಧಿಗಳ ಗುಣ ತಗ್ಗುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಬರುವುದಿಲ್ಲ ಎನ್ನುವ ಮಾತು ಬಹಳ ಕಡೆ ಓಡಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ನಾಶಮಾಡುವ ಪದಾರ್ಥಗಳು, ತಿನ್ನಿಸಬೇಡಿ. ಟೀ ಟ್ರೀ ಎಣ್ಣೆಯಂಥ ಸುಗಂಧ ತೈಲಗಳೂ ಬೆಕ್ಕಿಗೆ ವಿಷ. ಶ್ರವಣಾತೀತ ಶಬ್ದದ ಕೊರಳಪಟ್ಟಿಗಳನ್ನು ಪರೀಕ್ಷಿಸಿದಾಗ ಚಿಗಟದ ಮೇಲೆ ಪರಿಣಾಮವೇನೂ ಕಂಡಿಲ್ಲ.

ನೆಲ, ಹಾಸಿಗೆ, ಸಂದುಗೊಂದು

ಮನೆಯೊಳಗಿನ ಕೆಲಸದಲ್ಲಿ ವ್ಯಾಕ್ಯೂಮ್ ಕ್ಲೀನರಿಗೆ ಸಮನಾದದ್ದಿಲ್ಲ. ಮೊಟ್ಟೆಗಳನ್ನು ಎಳೆದುಕೊಳ್ಳುತ್ತದೆ, ಮರಿಹುಳುವಿನ ಆಹಾರವಾದ ಹಿಕ್ಕೆಯನ್ನು ತೆಗೆಯುತ್ತದೆ, ಅದರ ಕಂಪನ ಮತ್ತು ಒತ್ತಡಕ್ಕೆ ಗೂಡಿನೊಳಗಿನ ಚಿಗಟ ಮೋಸಹೋಗಿ ಹೊರಬರುತ್ತದೆ. ಹೊರಬಂದದ್ದು ಔಷಧಿಗೆ ಸಿಗುತ್ತದೆ. ಮರಿಹುಳುಗಳು ಮಾತ್ರ ಕಾರ್ಪೆಟ್ಟಿನ ಎಳೆಗೆ ಸುತ್ತಿಕೊಂಡು ಉಳಿಯಬಲ್ಲವು, ಅದಕ್ಕೇ ಒಂದು ದಿನದ ಕೆಲಸ ಸಾಲದು. ಮೊದಲ ಎರಡು ವಾರ ದಿನವೂ, ಆಮೇಲೆ ಎರಡು ದಿನಕ್ಕೊಮ್ಮೆ ಎಂದಿಟ್ಟುಕೊಳ್ಳಿ. ನಡುಮನೆಯ ಹೊಳೆಯುವ ನೆಲಕ್ಕಿಂತ ಸೋಫಾದ ಮೆತ್ತೆಗಳ ಕೆಳಗೆ, ಮಂಚದಡಿ, ಗೋಡೆ ನೆಲ ಕೂಡುವ ಅಂಚು, ಕಪಾಟಿನ ಹಿಂದೆ ಹೆಚ್ಚು ಹೊತ್ತು ಕೊಡಿ. ಪ್ರಾಣಿ ಕಾರಿನಲ್ಲಿ ಓಡಾಡುವುದಾದರೆ ಕಾರನ್ನೂ ಮರೆಯಬೇಡಿ. ತುಂಬಿದ ಚೀಲವನ್ನು ಅಲ್ಲೇ ಬಿಡದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಹೊರಗೆ ಹಾಕಬೇಕು.

ಯಂತ್ರವಿಲ್ಲದವರು ಬರಿನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಎತ್ತುವುದು ಒಣ ಪೊರಕೆಯಿಂದ ಗುಡಿಸುವುದಕ್ಕಿಂತ ಮೇಲು. ಗುಡಿಸಿದರೆ ಹಗುರ ಮೊಟ್ಟೆಗಳು ಚದುರುತ್ತವೆ. ಬಿರುಕಿಲ್ಲದ ಬರಿನೆಲವಿದ್ದರೆ ನಿಮ್ಮ ಕೆಲಸ ಬಹಳ ಸುಲಭ. ಮರಿಹುಳು ಅವಿತುಕೊಳ್ಳಲು ಅಲ್ಲಿ ಜಾಗವೇ ಇರುವುದಿಲ್ಲ.

ಪ್ರಾಣಿಯ ಹಾಸು, ಅದು ಏರುವ ಹೊದಿಕೆ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಒಯ್ಯುವಾಗ ಕೊಡವದೆ, ಒಳಮಡಚಿ ಮುದ್ದೆಮಾಡಿ ಎತ್ತಿ. ಇಲ್ಲವಾದರೆ ಮೊಟ್ಟೆಗಳನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋದಂತಾಗುತ್ತದೆ. ಒಗೆಯಲಾಗದ ದಪ್ಪ ಹಾಸು ತೀರಾ ಹಾಳಾಗಿದ್ದರೆ ಎಸೆದುಬಿಡುವುದೇ ಮೇಲು.

ಸಿಂಪಡಿಸುವ ಔಷಧಿ ಬೇಕೇಬೇಕೆಂದಿಲ್ಲ. ಸಣ್ಣ ಪ್ರಮಾಣದ ಕಾಟ ಪ್ರಾಣಿಗಳ ಔಷಧಿ ಮತ್ತು ವ್ಯಾಕ್ಯೂಮಿನಿಂದಲೇ ಹೋಗುತ್ತದೆ. ಕಾಟ ಜೋರಾಗಿದ್ದರೆ ಡಬ್ಬಿಯ ಮೇಲೆ ಎರಡು ಹೆಸರುಗಳಲ್ಲಿ ಒಂದನ್ನು ಹುಡುಕಿ: ಮೆಥೋಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್. ಇವು ಕೀಟದ ಎಳೆತನದ ಹಾರ್ಮೋನನ್ನು ಹೋಲುತ್ತವೆ. ಇವು ಸೋಕಿದ ಮೊಟ್ಟೆ ಒಡೆಯದು, ಮರಿಹುಳು ಬೆಳೆದು ಚಿಗಟವಾಗದು. ಬೆಳೆದ ಚಿಗಟವನ್ನು ಇವು ಕೊಲ್ಲುವುದಿಲ್ಲ, ಆದ್ದರಿಂದ ಕೊಲ್ಲುವ ಇನ್ನೊಂದು ಕೀಟನಾಶಕದ ಜೊತೆಗೂಡಿಸಿ ಮಾರುತ್ತಾರೆ. ಮನೆಯೊಳಗೆ ಇವುಗಳ ಪರಿಣಾಮ ತಿಂಗಳುಗಟ್ಟಲೆ ಉಳಿಯುತ್ತದೆ. ಹೊರಗಿನ ಬಿಸಿಲಿನಲ್ಲಿ ಮೆಥೋಪ್ರೀನ್ ಬೇಗ ಕೆಡುತ್ತದೆ. ಕೊಲ್ಲುವ ಔಷಧಿ ಮಾತ್ರವಿರುವ ಡಬ್ಬಿಗೆ ಹಣ ಹಾಕುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಸಿಂಪಡಿಸುವ ಮೊದಲು ವ್ಯಾಕ್ಯೂಮ್ ಮಾಡಿ. ಮಕ್ಕಳು, ಪ್ರಾಣಿಗಳು ನೆಲ ಪೂರ್ತಿ ಒಣಗುವವರೆಗೆ ಹೊರಗಿರಲಿ. ಮೀನಿನ ತೊಟ್ಟಿಯಿದ್ದರೆ ಮುಚ್ಚಿ, ಗಾಳಿಯ ಪಂಪು ನಿಲ್ಲಿಸಿ ಅಥವಾ ತೊಟ್ಟಿಯನ್ನೇ ಬೇರೆ ಕಡೆ ಸಾಗಿಸಿ. ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಕೀಟನಾಶಕಗಳು ಮೀನಿಗೆ ಬಹು ಸಣ್ಣ ಪ್ರಮಾಣದಲ್ಲೂ ಮಾರಕ. ಕೋಣೆಯ ನಡುವೆ ಇಟ್ಟು ಬಾಗಿಲು ಮುಚ್ಚಿ ಬರುವ ಹೊಗೆ ಡಬ್ಬಿಗಳನ್ನು ನಾನು ಯಾರಿಗೂ ಸೂಚಿಸಲಾರೆ. ಅದರ ಮಂಜು ಮೇಜಿನ ಮೇಲೆ, ಹಾಸಿಗೆಯ ಮೇಲೆ ಇಳಿಯುತ್ತದೆ, ಮಂಚದಡಿ ತಲುಪುವುದಿಲ್ಲ. ಮರಿಹುಳು ಇರುವುದು ಮಂಚದಡಿ.

ಮೂರನೇ ವಾರದ ನಿರಾಶೆ

ಎಲ್ಲವನ್ನೂ ಸರಿಯಾಗಿ ಮಾಡಿದ್ದೀರಿ ಎಂದುಕೊಳ್ಳೋಣ. ಮೊದಲ ವಾರ ಹಾಯಾಗಿರುತ್ತದೆ. ಎರಡನೆಯ, ಮೂರನೆಯ ವಾರ ಮತ್ತೆ ಚಿಗಟ ಜಿಗಿಯತೊಡಗುತ್ತವೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚು. ಬಹಳ ಜನ ಸೋಲೊಪ್ಪಿಕೊಳ್ಳುವುದು ಈ ಹೊತ್ತಿನಲ್ಲೇ.

ಈಗ ಜಿಗಿಯುತ್ತಿರುವುದು ಹೊಸ ಪೀಳಿಗೆಯಲ್ಲ. ನೀವು ಕೆಲಸ ಶುರುಮಾಡುವ ಮೊದಲೇ ಗೂಡು ಸೇರಿದ್ದವು, ಆಗ ಮರಿಹುಳುವಾಗಿದ್ದು ಔಷಧಿಗೆ ಸಿಗದೆ ಆಮೇಲೆ ಗೂಡು ಕಟ್ಟಿದವು. ಅವು ಹೊರಬರಲೇಬೇಕು, ಬರದೆ ಸಾಯುವುದಿಲ್ಲ. ಹೊರಬಂದಾಗ ಔಷಧಿ ಇರುವ ನಾಯಿಯ ಮೈಗೆ ಜಿಗಿದರೆ ಒಂದು ಮೊಟ್ಟೆಯನ್ನೂ ಇಡದೆ ಸಾಯುತ್ತವೆ. ಈ ಕಾರಣಕ್ಕೇ, ಕಾಟ ಮುಗಿಯುವವರೆಗೆ ನಾಯಿಯನ್ನು ಬೇರೆಯವರ ಮನೆಗೆ ಕಳಿಸುವುದು ದೊಡ್ಡ ತಪ್ಪು ನಡೆ. ಔಷಧಿ ಪಡೆದ ಪ್ರಾಣಿ ಮನೆಯಲ್ಲಿ ಎಂದಿನಂತೆ ಓಡಾಡಿಕೊಂಡು, ಎಂದಿನ ಜಾಗಗಳಲ್ಲೇ ಮಲಗಿಕೊಂಡಿದ್ದರೆ ಅದು ಹೊರಬರುವ ಚಿಗಟಗಳನ್ನು ತನ್ನತ್ತ ಸೆಳೆದು ಮುಗಿಸುತ್ತದೆ. ಅದನ್ನು ಕಳಿಸಿಬಿಟ್ಟರೆ ಅವುಗಳಿಗೆ ಉಳಿಯುವುದು ನಿಮ್ಮ ಕಾಲು ಮಾತ್ರ. ಔಷಧಿ ಹಾಕಿದ ನಾಯಿಯನ್ನು ಒಂದೇ ಕೋಣೆಯಲ್ಲಿ ಕಟ್ಟಿಹಾಕಿದರೂ ಇದೇ ಕಥೆ.

ತಟ್ಟೆಯ ಪರೀಕ್ಷೆ ಉಪಯೋಗಕ್ಕೆ ಬರುವುದು ಈ ಹೊತ್ತಿನಲ್ಲಿ. ಒಂದೇ ಜಾಗದಲ್ಲಿ ವಾರಕ್ಕೆರಡು ರಾತ್ರಿ ಇಟ್ಟು ಸಿಕ್ಕಿದ್ದನ್ನು ಬರೆದಿಡಿ. ಏರುಪೇರಿನ ನಡುವೆಯೂ ಸಂಖ್ಯೆ ಇಳಿಯುತ್ತ ಹೋದರೆ ದಾರಿ ಸರಿಯಿದೆ. ಎಂಟು ವಾರವಾದರೂ ಇಳಿಯದಿದ್ದರೆ ಎಲ್ಲೋ ಒಂದು ಪ್ರಾಣಿ ತಪ್ಪಿದೆ, ಔಷಧಿಯ ಗಡುವು ಮೀರಿದೆ, ಅಥವಾ ಹೊರಗಿನಿಂದ ಹೊಸದು ಬರುತ್ತಿದೆ. ಅಂಗಳದ ಕಟ್ಟಿಗೆ ರಾಶಿಯಡಿ ಬೀದಿಬೆಕ್ಕು ಮರಿಹಾಕಿರಬಹುದು, ಮೆಟ್ಟಿಲ ಕೆಳಗಿನ ತಂಪು ಮಣ್ಣಿನಲ್ಲಿ ನಾಯಿ ಮಲಗುತ್ತಿರಬಹುದು. ಔಷಧಿಗೆ ಚಿಗಟ ಒಗ್ಗಿಹೋಗಿದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ಇವನ್ನು ನೋಡಬೇಕು. ಅನುಕೂಲದ ಹವೆಯಲ್ಲಿ ಮೊಟ್ಟೆಯಿಂದ ಚಿಗಟದವರೆಗಿನ ಸುತ್ತು ಮೂರು ನಾಲ್ಕು ವಾರದ್ದು, ಗೂಡಿನ ಕಾಯುವಿಕೆ ಅದರ ಮೇಲೆ. ಹಾಗಾಗಿ ಪ್ರಾಣಿಗಳ ಔಷಧಿಯನ್ನು ಕನಿಷ್ಠ ಮೂರು ತಿಂಗಳು ಒಂದು ಗಡುವೂ ತಪ್ಪದಂತೆ ಕೊಡಬೇಕು. ನಡುವೆ ಒಂದು ತಿಂಗಳು ಬಿಟ್ಟರೂ ಉಳಿದ ಕೆಲವೇ ಹೆಣ್ಣುಗಳಿಂದ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಕಡಿತದಾಚೆಯ ತೊಂದರೆ

ಹೆಚ್ಚಿನವರಿಗೆ ಚಿಗಟದ ಕಡಿತ ಬರೀ ತುರಿಕೆ. ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಕು. ಕೆರೆದು ಗಾಯ ಮಾಡಿಕೊಂಡರೆ ಕೀವು ತುಂಬುತ್ತದೆ. ಕಡಿತದ ನಂತರದ ದಿನಗಳಲ್ಲಿ ಜ್ವರ, ತಲೆನೋವು, ಮೈಮೇಲೆ ದದ್ದು, ಗಂಟು ಊದುವುದು ಕಂಡರೆ ವೈದ್ಯರಿಗೆ ಚಿಗಟದ ವಿಷಯವನ್ನೂ ಹೇಳಿ. ಮ್ಯೂರಿನ್ ಟೈಫಸ್ ಎಂಬ ಜ್ವರ ಚಿಗಟದಿಂದ ಹರಡುತ್ತದೆ, ಬೆಕ್ಕು ಪರಚಿ ಬರುವ ಜ್ವರದ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ದಾಟುವುದೂ ಚಿಗಟದ ಮೂಲಕವೇ. ನಾಯಿ ಬೆಕ್ಕುಗಳ ಗುದದ ಸುತ್ತ ಅಕ್ಕಿಕಾಳಿನಂಥ ಚೂರುಗಳು ಕಂಡರೆ ಅದು ಲಾಡಿಹುಳು. ಪ್ರಾಣಿಗೆ ಅದು ಬರುವುದು ಚಿಗಟವನ್ನು ನುಂಗಿದ್ದರಿಂದ. ಜಂತಿನ ಔಷಧಿ ಕೊಟ್ಟು ಚಿಗಟ ಉಳಿಸಿಕೊಂಡರೆ ಹುಳು ಮತ್ತೆ ಬರುತ್ತದೆ. ನೆಲದಲ್ಲಿ ಆಡುವ ಪುಟ್ಟ ಮಕ್ಕಳ ಬಾಯಿಗೆ ಚಿಗಟ ಹೋದರೆ ಅವರಿಗೂ ಬರಬಹುದು.

ಪ್ರಾಣಿಯೇ ಇಲ್ಲದ ಮನೆಯಲ್ಲಿ

ನಾಯಿ ಬೆಕ್ಕು ಸಾಕದ ಮನೆಯಲ್ಲೂ ಚಿಗಟ ಬರುತ್ತದೆ. ಮೊದಲು ಅನುಮಾನಿಸಬೇಕಾದ್ದು ಇಲಿಯನ್ನು, ಆಮೇಲೆ ಅಟ್ಟ ಸೇರಿದ ಬೀದಿಬೆಕ್ಕನ್ನು. ಇಲ್ಲಿ ಕ್ರಮ ಬಹಳ ಮುಖ್ಯ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೈಮೇಲಿದ್ದ ಚಿಗಟಗಳು ಇಳಿದು ಬೇರೆ ಬಿಸಿರಕ್ತ ಹುಡುಕುತ್ತವೆ. ಪ್ಲೇಗ್ ಇಲಿಯಿಂದ ಮನುಷ್ಯನಿಗೆ ದಾಟಿದ್ದು ಹೀಗೆಯೇ. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಮಾಡಿದ ಪ್ರಯೋಗದಲ್ಲಿ, ಸಾಯುತ್ತಿದ್ದ ಇಲಿಯಿಂದ ಆರೋಗ್ಯವಂತ ಇಲಿಗೆ, ಅವೆರಡೂ ಒಂದನ್ನೊಂದು ಮುಟ್ಟದಿದ್ದರೂ, ಚಿಗಟದ ಮೂಲಕ ರೋಗ ದಾಟುವುದನ್ನು ತೋರಿಸಿದ. ಆ ಮಾತನ್ನು ಒಪ್ಪಿಕೊಳ್ಳಲು ವೈದ್ಯಲೋಕಕ್ಕೆ ವರ್ಷಗಳೇ ಹಿಡಿದವು. ಆದ್ದರಿಂದ ಇಲಿಯೂ ಚಿಗಟವೂ ಒಟ್ಟಿಗಿರುವ ಮನೆಯಲ್ಲಿ ಮೊದಲು ಬಿಲ, ಓಡಾಟದ ದಾರಿಗಳಲ್ಲಿ ಚಿಗಟದ ಔಷಧಿ, ಆಮೇಲೆ ಇಲಿಯ ಬೋನು. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಮ್ಮೆಗೇ ಹಲವು ಇಲಿಗಳು ಕಾರಣವಿಲ್ಲದೆ ಸತ್ತು ಬಿದ್ದಿದ್ದರೆ ಗುಡಿಸಿ ಎಸೆಯುವ ಬದಲು ಆರೋಗ್ಯ ಇಲಾಖೆಗೆ ತಿಳಿಸಿ.

ಇನ್ನೊಂದು ಸಂದರ್ಭ, ಬಹಳ ದಿನ ಬೀಗ ಹಾಕಿದ್ದ ಮನೆ. ರಜೆ ಮುಗಿಸಿ ಬಂದವರಿಗೋ, ಬಾಡಿಗೆಗೆ ಹೊಸದಾಗಿ ಬಂದವರಿಗೋ ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ಹತ್ತಾರು ಚಿಗಟ ಒಮ್ಮೆಗೇ ಮುತ್ತುತ್ತವೆ. ಖಾಲಿ ಮನೆಯಲ್ಲಿ ಕಾದಿದ್ದ ಗೂಡುಗಳೆಲ್ಲ ಮೊದಲ ಹೆಜ್ಜೆಯ ಕಂಪನಕ್ಕೆ ಒಟ್ಟಿಗೆ ತೆರೆಯುವುದರಿಂದ ಹೀಗಾಗುತ್ತದೆ. ನೋಡಲು ಭಯವಾದರೂ ಇದರಲ್ಲೊಂದು ಅನುಕೂಲವಿದೆ: ಗೂಡಿನೊಳಗೆ ಔಷಧಿಗೆ ಸಿಗದಿದ್ದವು ಈಗ ಬಯಲಿಗೆ ಬಂದಿವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಮನೆಯಲ್ಲೆಲ್ಲ ಜೋರಾಗಿ ಓಡಾಡಿ, ಪೂರ್ತಿ ವ್ಯಾಕ್ಯೂಮ್ ಮಾಡಿ, ಆಮೇಲೆ ಬೆಳವಣಿಗೆ ತಡೆಯುವ ಔಷಧಿ ಬೆರೆತ ಕೀಟನಾಶಕ ಸಿಂಪಡಿಸಿ ಒಣಗಲು ಬಿಡಿ. ಸಾಮಾನು ಒಳಗಿಡುವ ಮೊದಲೇ ಇದಾದರೆ ಸಂದುಗೊಂದು ತಲುಪುವುದು ಸುಲಭ. ಹಿಂದೆ ಅಲ್ಲಿ ನಾಯಿ ಬೆಕ್ಕು ಇತ್ತೇ, ಇದ್ದರೆ ಎಲ್ಲಿ ಮಲಗುತ್ತಿತ್ತು ಎಂದು ಮನೆಯ ಮಾಲೀಕರನ್ನು ಕೇಳಿ ತಿಳಿದುಕೊಂಡು, ಕೆಲಸವನ್ನು ಆ ಮೂಲೆಯಿಂದಲೇ ಶುರುಮಾಡಿ.